ಸೇತುವೆ ಗಟ್ಟಿಯಾದ ಮೇಲೆ

"ರೈಲು ಹೋಗೋ ಕಡೆಗೇ ಮುಖ ಇಟ್ಕೋ. ಇಳಿದ ತಕ್ಷಣ ನಿಲ್ಲಬೇಡ, ಅದರ ಜೊತೆ ಸ್ವಲ್ಪ ಓಡು. ಹಿಂದೆ ತಿರುಗಿದೆಯೋ, ಮೂತಿ ಒಡೆದುಹೋಗತ್ತೆ," ಎಂದು ಅತ್ತೆ ಸೊಸೆಯ ಕಿವಿಯಲ್ಲಿ ಮತ್ತೊಮ್ಮೆ ಊದಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಅತ್ತೆ ಹಳಬಳು, ಸೊಸೆ ಸೇರಿ ಇನ್ನೂ ವಾರವಾಗಿಲ್ಲ. ದಿನಾ ಸಂಜೆ ಚಲಿಸುತ್ತಿರುವ ರೈಲಿನಿಂದ ಇಳಿಯುವಾಗ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಅವಳನ್ನು ಜೋಪಾನವಾಗಿ ಮನೆ ಮುಟ್ಟಿಸುತ್ತೇನೆಂದು ಮಗನಿಗೆ ಮಾತು ಕೊಟ್ಟ ಅತ್ತೆಗೂ ಭಯವೇ, ಹೇಳಿಕೊಳ್ಳುವ ಹಾಗಿಲ್ಲ ಅಷ್ಟೆ.

ಅವರ ಕಾಲೋನಿಯ ಸ್ಟೇಷನ್ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮುಚ್ಚಿದ್ದಾದರೂ ಒಂದೇ ಏಟಿಗೆ ಮುಚ್ಚಿದರೇ? ಮೊದಲು ಟಿಕೆಟ್ ಕಿಟಕಿ ಹೋಯಿತು, ಆಮೇಲೆ ನಲ್ಲಿಯ ನೀರು, ಆಮೇಲೆ ದೀಪ. ಕೊನೆಗೆ, ಇಲ್ಲಿ ಟಿಕೆಟ್ ಕೊಳ್ಳುವವರೇ ಇಲ್ಲ ಅಂದುಬಿಟ್ಟು ರೈಲು ನಿಲ್ಲಿಸುವುದನ್ನೇ ಬಿಟ್ಟರು. ಕೈಕಾಲು ಕಟ್ಟಿಹಾಕಿ, ಇವನಿಗೆ ಓಡೋಕೆ ಬರಲ್ಲ ಅಂದ ಹಾಗೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದರೆ ಲಾರಿಗಳ ಮಧ್ಯೆ ಒಂದು ಗಂಟೆ ನಡಿಗೆ. ಪುಣ್ಯಕ್ಕೆ ಹಳೇ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಒಂದು ಮುದಿ ಸೇತುವೆ ಇತ್ತು. ಅದರ ಭಯಕ್ಕೆ ಡ್ರೈವರು ರೈಲನ್ನು ಅಲ್ಲಿ ಆಮೆ ನಡಿಗೆಯಲ್ಲಿ ತರುತ್ತಿದ್ದ. ಆ ನಿಧಾನವೇ ಕಾಲೋನಿಯವರಿಗೆ ಸ್ಟೇಷನ್ನು.

ಬಾಗಿಲ ಅಂಚಿನಲ್ಲಿ, ಎಲ್ಲರಿಗಿಂತ ಮುಂದೆ, ಕಾಲೋನಿಯ ದರ್ಜಿ ನಿಂತಿದ್ದ. ಸ್ಟೇಷನ್ ಮತ್ತೆ ತೆರೆಯಿರಿ ಎಂದು ಬರೆದೂ ಬರೆದೂ ಅವನಿಗೆ 'ಅರ್ಜಿ ದರ್ಜಿ' ಎಂಬ ಹೆಸರೇ ಬಿದ್ದಿತ್ತು. ಕಳೆದ ತಿಂಗಳು ಸೇತುವೆಯ ರಿಪೇರಿಗೆ ಆಳುಗಳು ಬಂದಾಗ, ತನ್ನ ಅರ್ಜಿ ಫಲಿಸಿತೆಂದು ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನಾ ಹೆಂಡತಿಯ ಕೈಲಿ ಚಹಾ ಮಾಡಿಸಿ ಅವರಿಗೆ ಹೊತ್ತುಕೊಂಡು ಹೋದ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ಮಿಬ್ಬರಿಗೂ ಒಂದೇ ಬಾಗಿಲು," ಎಂದು ಅವನು ಸೊಸೆಯನ್ನು ನಗಿಸಿದ. "ಹೆದರ್ಬೇಡ ತಾಯಿ. ಇಲ್ಲಿ ಮೊದಲನೇ ರೈಲು ನಿಂತ ದಿನ ನಮ್ಮಪ್ಪ ಅಂಗಡಿ ಮುಚ್ಚಿ, ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ನೋಡೋಕೆ ಬಂದಿದ್ದ. ನಿನ್ನೆಗೆ ಸೇತುವೆ ಕೆಲಸ ಮುಗೀತಲ್ಲ, ಇನ್ನೇನು, ಮತ್ತೆ ನಿಲ್ಲತ್ತೆ."

"ನಿನ್ನ ಬಾಯಿಗೆ ಸಕ್ಕರೆ ಹಾಕ," ಎಂದಳು ಅತ್ತೆ.

ಗೋದಾಮಿನ ಗೋಡೆ ಬಂತು. ಬ್ರೇಕು ಕಿರುಗುಟ್ಟಬೇಕಾದ ಜಾಗ ಅದು. ಕಿರುಗುಟ್ಟಲಿಲ್ಲ.

"ಯಾಕಣ್ಣ ಇವತ್ತು ಇಷ್ಟು ಜೋರು?" ಎಂದು ಅತ್ತೆ ಕೇಳಿದಳು.

"ತಾಳಿ, ಈಗ ನಿಧಾನ ಮಾಡ್ತಾನೆ," ಎಂದ ದರ್ಜಿ. ಆದರೆ ಪ್ಲಾಟ್‌ಫಾರ್ಮ್ ಕಣ್ಣೆದುರು ಬರ್ರನೆ ಹಿಂದಕ್ಕೆ ಓಡತೊಡಗಿತು. ಹಿಂದೆ ಬ್ಯಾಗು ಹಿಡಿದು ಒತ್ತಿ ನಿಂತವರಿಗೆ ಅದು ಕಾಣುವುದೆಲ್ಲಿಂದ? "ಏನ್ ನೋಡ್ತಾ ನಿಂತ್ರಿ, ಇಳೀರಿ, ಸೇತುವೆ ಬಂದುಬಿಡತ್ತೆ," ಎಂದು ದಿನದಂತೆ ತಳ್ಳಿದರು. ಅತ್ತೆಗೆ ಆಗ ಹೊಳೆಯಿತು. ಸೇತುವೆ ಗಟ್ಟಿಯಾಗಿದೆ. ಗಟ್ಟಿ ಸೇತುವೆಗೆ ಯಾವ ಡ್ರೈವರು ಹೆದರುತ್ತಾನೆ? "ತಳ್ಳಬೇಡ್ರೋ," ಎಂದು ಕಿರುಚಿದಳು. ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಸೊಸೆ ಪಾಪ, ಹೇಳಿಕೊಟ್ಟ ಹಾಗೇ ಮುಂದಕ್ಕೆ ಮುಖ ಮಾಡಿ ಒಂದು ಕಾಲು ಹೊರಗಿಟ್ಟಿದ್ದಳು. ಅತ್ತೆ ಎರಡೂ ಕೈಯಿಂದ ಅವಳ ಜಡೆ ಹಿಡಿದು ಹಿಂದಕ್ಕೆ ಜಗ್ಗಿದಳು. ಇಬ್ಬರೂ ಜನರ ಕಾಲಡಿ ಬಿದ್ದರು. ತಲೆಯೆತ್ತಿ ನೋಡಿದರೆ ಬಾಗಿಲ ಅಂಚಿನಲ್ಲಿ ದರ್ಜಿ ಇರಲಿಲ್ಲ. ಹಾರಿದನೋ, ತಳ್ಳಾಟಕ್ಕೆ ಬಿದ್ದನೋ, ಕಂಡವರಿಲ್ಲ.

ಯಾರೋ ಚೈನು ಎಳೆದರು. ಮುಂದಿನ ಡಬ್ಬಿಗಳು ಸೇತುವೆ ದಾಟಿದ ಮೇಲೆ ರೈಲು ನಿಂತಿತು. ಕೊನೆಯ ಡಬ್ಬಿಗಳು ಮಾತ್ರ ಇನ್ನೂ ಪ್ಲಾಟ್‌ಫಾರ್ಮಿನ ಬದಿಯಲ್ಲೇ ಇದ್ದವು. ಅತ್ತೆ ಸೊಸೆ ಇಬ್ಬರೂ ಇಳಿದು ಸೇತುವೆಯ ಮೇಲೆ ಹಿಂದಕ್ಕೆ ಓಡಿಬಂದರು. ದರ್ಜಿ ಪ್ಲಾಟ್‌ಫಾರ್ಮಿನ ಕಂಬದ ಬುಡದಲ್ಲಿ ಬಿದ್ದಿದ್ದ, ಉಸಿರಿರಲಿಲ್ಲ. ಅತ್ತೆಗೆ ಮೊದಲು ಬಂದದ್ದು ಅಳುವಲ್ಲ. ಸದ್ಯ, ನಮ್ಮ ಹುಡುಗಿಯಲ್ಲವಲ್ಲ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ನಾಚಿಕೆಯಾಗಿ ಆಮೇಲೆ ಅಳು ಉಕ್ಕಿಬಂತು.

ಗಾರ್ಡು ಬಗ್ಗಿ ನೋಡಿ ಹಣೆ ಒರೆಸಿಕೊಂಡ. "ಎಲ್ಲಿ ಇಳಿಯೋರು ಇವರು?"

"ಇಲ್ಲೇ ಸಾರ್," ಎಂದಳು ಅತ್ತೆ.

"ಇಲ್ಲಿ ಸ್ಟೇಷನ್ ಎಲ್ಲಿದೆಯಮ್ಮಾ?" ಎಂದವನೇ ಸುತ್ತಲಿದ್ದವರಿಗೆ ಹೇಳಿದ, "ನಾಲ್ಕು ಜನ ಕೈ ಹಾಕಿ, ನನ್ನ ಡಬ್ಬಿಗೆ ಹತ್ತಿಸಿ. ಮುಂದಿನ ಸ್ಟೇಷನ್ನಿನಲ್ಲಿ ಪೊಲೀಸರಿಗೆ ಒಪ್ಪಿಸಬೇಕು."

"ಮನೆ ಇಲ್ಲೇ ಇದೆ ಸಾರ್, ಪ್ಲಾಟ್‌ಫಾರ್ಮಿನ ಆ ಗೋಡೆ ಆಚೆ. ಹೆಂಡತಿ ಕಾಯ್ತಿರ್ತಾಳೆ. ಸತ್ತ ಮೇಲಾದ್ರೂ ಇಲ್ಲಿ ಇಳಿಸಿ."

ಗಾರ್ಡು ಕೆಟ್ಟವನೇನಲ್ಲ. "ಯಾರ ಕೈಗೆ ಒಪ್ಪಿಸಲಮ್ಮಾ? ಸ್ಟೇಷನ್ ಅಂತ ಒಂದಿದ್ದಿದ್ರೆ ಇಲ್ಲೇ ಇಳಿಸ್ತಿದ್ದೆ."

ನಾಲ್ಕು ಜನ ದರ್ಜಿಯನ್ನು ಎತ್ತಿ ಹೆಗಲ ಮೇಲೆ ಹೊತ್ತುಕೊಂಡರು. ಅಷ್ಟರಲ್ಲಿ ಗೋಡೆಯ ಆಚೆ ಕಿಟಕಿಗಳು ತೆರೆದುಕೊಂಡವು. ಎಷ್ಟೋ ವರ್ಷದ ಮೇಲೆ ರೈಲು ನಿಂತ ಸದ್ದು ಕೇಳಿ ಜನ ಹೊರಗೆ ಬರುತ್ತಿದ್ದರು. ದರ್ಜಿಯ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಗೋಡೆಯ ಸಂದಿಯಲ್ಲಿ ನುಸುಳಿ ಬಂದಳು. ಮಬ್ಬುಗತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ಮುಖವೆಲ್ಲ ನಗು.

"ಅಕ್ಕಾ, ರೈಲು ನಿಂತೇಬಿಡ್ತಲ್ಲ," ಎಂದಳು. "ಅದಕ್ಕೇನಾ ನಮ್ಮವರನ್ನ ಹೆಗಲ ಮೇಲೆ ಹೊತ್ಕೊಂಡಿರೋದು?"