ಶಾಯಿಯ ಅಡಿಯ ಗೆರೆ

ಒಂದಾನೊಂದು ಊರಿನಲ್ಲಿ ಏಳು ಮಂದಿ ವೀರರಿದ್ದರು. ಅವರ ವಾಸವೆಲ್ಲ ಕಾಮಿಕ್ಸ್ ಪುಸ್ತಕದೊಳಗೆ. ಅಣ್ಣ ಪೆನ್ಸಿಲಿನಲ್ಲಿ ಅವರನ್ನು ಹುಟ್ಟಿಸುತ್ತಿದ್ದ. ತಂಗಿ ಆ ಗೆರೆಗಳ ಮೇಲೆ ಶಾಯಿ ಎಳೆದು, ಒಣಗಿದ ಮೇಲೆ ಅಡಿಯ ಪೆನ್ಸಿಲನ್ನು ಅಳಿಸುತ್ತಿದ್ದಳು. ಕೊನೆಯ ಸಂಚಿಕೆಯನ್ನು ಮುಗಿಸಿಯೇ ಓದುಗರ ಕೈಗಿಡುತ್ತೇನೆಂದು ಅವಳು ಅಣ್ಣನಿಗೆ ಮಾತು ಕೊಟ್ಟಿದ್ದಳು.

ಕೊನೆಯ ಪುಟದ ಫೋಟೊ ಹೊರಬಿದ್ದ ಮರುದಿನ ಪ್ರಕಾಶಕರು ಫೋನು ಹಿಡಿದುಕೊಂಡು ಮನೆಗೇ ಬಂದರು.

“ಕೇಳಮ್ಮ, ಅಭಿಮಾನಿಗಳು ಏನೇನು ಬರೆದಿದಾರೆ. ‘ಏಳೂ ಜನರನ್ನ ದಿಕ್ಕಿಗೊಬ್ರಂತೆ ಕಳಿಸ್ಬಿಟ್ರಲ್ಲ, ಅನ್ನ ಸೇರ್ತಿಲ್ಲ.’ ಇದು ಕಥೆಗೆ. ಇನ್ನು ಚಿತ್ರಕ್ಕೆ, ‘ಶಾಯಿ ಅಡಿ ಪೆನ್ಸಿಲ್ ಹಾಗೇ ಕಾಣ್ತಿದೆ. ಅಕ್ಕಂಗೆ ಒಂದು ರಬ್ಬರ್ ಕೊಡಿಸೋಣ, ಚಂದಾ ಎತ್ರಪ್ಪ.’”

ಅವಳು ನಕ್ಕಳು. “ಎತ್ತಲಿ ಬಿಡಿ ಸರ್.”

“ಮಿಕ್ಕ ಪುಟ ಎಲ್ಲ ಅಚ್ಚುಕಟ್ಟಾಗಿ ಅಳಿಸಿ ಕೊಟ್ಟಿದೀಯ. ಇದೊಂದಕ್ಕೆ ಯಾಕೆ ಸೋಮಾರಿತನ?”

“ಹಾಗೇ ಅಚ್ಚು ಹಾಕೋಕಾಗಲ್ವಾ?”

“ನಮ್ಮ ವೀರರ ಮುಖ ಮಸಿ ಹಿಡಿದ ಹಾಗೆ ಕಾಣತ್ತೆ. ಜನ ಕಾಯ್ತಿದಾರೆ ತಾಯಿ. ನಿಮ್ಮಣ್ಣಂಗೆ ಕೊಟ್ಟ ಮಾತು ನೆನಪಿದೆ ತಾನೆ?”

“ಇದೆ ಸರ್. ಒಂದು ನಿಮಿಷ ಕೂತ್ಕೊಳ್ಳಿ.”

ಅವಳು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಏಳೂ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮೇಜಿನ ಮೇಲೆ ಹರಡಿ, ತೀರಿಹೋದ ಅಣ್ಣನ ಕೈಯ ಗೆರೆಗಳಲ್ಲಿ ಈ ಲೋಕದಲ್ಲಿ ಉಳಿದಿದ್ದ ಕೊನೆಯವನ್ನು ಮೆಲ್ಲಗೆ ಅಳಿಸಿ ಕೊಟ್ಟಳು.