ತಟ್ಟೆ ನಂಬರು ನಲವತ್ತೇಳು

ಯುದ್ಧವಿಮಾನದ ಪೈಲಟ್ ಸಮರಜಿತನ ಕತೆಗಳನ್ನು ಮುದಕಪ್ಪ, ಫಕೀರೇಶ ಒಂದೇ ಪುಸ್ತಕಕ್ಕೆ ಎರಡು ತಲೆ ಹಾಕಿ ಓದಿದ್ದರು. ವಿಮಾನ ಬಿದ್ದು ಶತ್ರುವಿನ ಕೈಗೆ ಸಿಕ್ಕಾಗ ಸಮರಜಿತ ಹೇಳುತ್ತಿದ್ದುದು ಎರಡೇ ಮಾತು: ತನ್ನ ಹೆಸರು, ತನ್ನ ನಂಬರು. ಜೊತೆಗಾರನ ಹೆಸರನ್ನು ಸತ್ತರೂ ಹೇಳುತ್ತಿರಲಿಲ್ಲ. ಹಾಸ್ಟೆಲ್ಲಿನ ಹುಡುಗರಿಗೂ ನಂಬರಿತ್ತು, ಊಟದ ತಟ್ಟೆಯ ಮೇಲೆ ಕೊರೆದದ್ದು.

ಸಮರಜಿತನಂತೆ ಹಾರಲು ಹೋಗಿ ಫಕೀರೇಶ ಅಡುಗೆಮನೆಯ ಮೇಲಿನ ಶೀಟು ಒಡೆದ. ಮುದಕಪ್ಪ ಕೆಳಗೆ ನಿಂತು, ಮುಷ್ಟಿಯನ್ನೇ ವೈರ್‌ಲೆಸ್ ಮಾಡಿಕೊಂಡು ಕೂಗುತ್ತಿದ್ದ. ಒಡೆದವನನ್ನು ಹಾಸ್ಟೆಲ್ಲಿನಿಂದ ಹೊರಗೆ ಹಾಕುವುದಾಗಿ ವಾರ್ಡನ್ ಸಾರಿದರು. ಮುದಕಪ್ಪನ ಊರಿನಲ್ಲಿ ಹೈಸ್ಕೂಲಿರಲಿಲ್ಲ.

ವಿಚಾರಣೆಗೆಂದು ಮೊದಲು ವಾರ್ಡನ್ನರ ಕೋಣೆಯೊಳಗೆ ಹೋದ ಫಕೀರೇಶ ನಗುತ್ತಲೇ ಹೊರಬಂದ.

“ಏನ್ ಹೇಳ್ದಿಲೇ?” ಮುದಕಪ್ಪ ಕೇಳಿದ.

“ಸಮರಜಿತ ಹೇಳಿದಂಗ. ಒಂದು ಹೆಸರು, ಒಂದು ನಂಬರು. ಹೆದರಬ್ಯಾಡ, ನೀನೂ ಅಷ್ಟ ಹೇಳು.”

ಮುದಕಪ್ಪ ವಾರ್ಡನ್ನರ ಮುಂದೆ ಎದೆ ಸೆಟೆದು ನಿಂತ.

“ಶೀಟು ಒಡದವ ಯಾರಲೇ?”

“ಮುದಕಪ್ಪ. ತಟ್ಟೆ ನಂಬರು ನಲವತ್ತೇಳ್ರಿ, ಸರ್.”

ವಾರ್ಡನ್ ಪೆನ್ನಿಗೆ ಮುಚ್ಚಳ ಹಾಕಿದರು.

“ಬರೋಬ್ಬರಿ ಐತಿ. ಫಕೀರೇಶನೂ ಇದ ಹೆಸರು, ಇದ ನಂಬರು ಹೇಳ್ಯಾನ.”