ಬೂಷ್ಟಿಗೆ ಇಟ್ಟ ಕುಂಕುಮ

ಮಹಡಿಯಲ್ಲಿದ್ದ ಓನರ್ ಮನೆಯ ಕಕ್ಕಸಿನ ಪೈಪು ಸೋರಿ ಸೋರಿ, ಕೆಳಗೆ ಬಾಡಿಗೆಗಿದ್ದ ಚೆನ್ನಾಜಮ್ಮನ ಮನೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಅವಳು ಕಿಟಕಿ ತೆರೆದು, ಮೂಗಿಗೆ ಬಟ್ಟೆ ಕಟ್ಟಿ, ಸೋಪಿನ ನೀರಿನಲ್ಲಿ ಎಷ್ಟು ತಿಕ್ಕಿದರೂ ವಾರದೊಳಗೆ ಅದು ಮತ್ತೆ ಹಾಜರು. ಮಗಳ ಕೆಮ್ಮು ಜೋರಾಗುತ್ತಲೇ ಇತ್ತು. ಕೊನೆಗೆ ಬಾಗಿಲ ಮುಂದೆ ಹೋಗುತ್ತಿದ್ದ ಓನರ್‌ನನ್ನು ತಡೆದು ನಿಲ್ಲಿಸಿದಳು.

“ಮೊದ್ಲು ಪೈಪ್ ಸರಿ ಮಾಡ್ಸಿ ಸಾರ್.”

“ನೀವು ಸಾರು ಜಾಸ್ತಿ ಕುದಿಸ್ತೀರ ಕಣಮ್ಮ, ಅದ್ರ ಹಬೆ ಅದು. ಮೇಲೊಂದು ಕೋಟು ಬಣ್ಣ ಹೊಡೀರಿ.”

“ಒಳಗೆ ನೀರು ಇಳೀತಿದ್ರೆ ಬಣ್ಣ ನಿಲ್ಲುತ್ತಾ?”

“ಇಷ್ಟ ಇಲ್ದಿದ್ರೆ ಮನೆ ಖಾಲಿ ಮಾಡಿ.”

ಚೆನ್ನಾಜಮ್ಮನಿಗೆ ಪಿತ್ತ ನೆತ್ತಿಗೇರಿತು. ಸೀದಾ ಒಳಗೆ ಬಂದವಳೇ ಬೂಷ್ಟಿಗೆ ಅಂಗೈಯಗಲ ಕುಂಕುಮ ಮೆತ್ತಿ, ಹೂ ಸಿಕ್ಕಿಸಿ, ಓನರ್ ಹೆಂಡತಿಯನ್ನು ಕೂಗಿ ಕರೆದಳು.

“ಅಕ್ಕಾ, ಬೇಗ ಬನ್ನಿ, ಗೋಡೆ ಮೇಲೆ ತಾಯಿ ಮೂಡವ್ಳೆ!”

ಆಕೆ ಬಂದವಳೇ ಅಡ್ಡಬಿದ್ದಳು. “ಅಯ್ಯೋ ನಮ್ಮವ್ವಾ! ಕಪ್ಪು ಮೋರೆ, ಕೆದರಿದ ಕೂದ್ಲು, ಥೇಟ್ ಚೌಡವ್ವನೇ! ತಲೆ ಮೇಲೆ ತೊಟ್ಟಿಕ್ತಿರೋದು ಏನೇ ಅದು, ತೀರ್ಥಾನಾ?”

“ಇಲ್ಲಕ್ಕ, ನಿಮ್ಮ ಕಕ್ಕಸಿನ ನೀರು.”

ಆಕೆ ಕೆನ್ನೆ ಕೆನ್ನೆ ಬಡಿದುಕೊಂಡು, “ಬೀಗ ಎಲ್ರೀ, ಬೀಗ!” ಎಂದು ಚೀರುತ್ತ ಮಹಡಿ ಹತ್ತಿದಳು.

ಮರುದಿನ ಬೆಳಕು ಹರಿಯುವ ಮೊದಲೇ ಯಾರೋ ಬಾಗಿಲು ಬಡಿದರು. ಚೆನ್ನಾಜಮ್ಮ ತೆರೆದು ನೋಡಿದರೆ ಓನರ್ ಹೊಟ್ಟೆ ಹಿಡಿದುಕೊಂಡು, ಕಾಲು ಬದಲಿಸುತ್ತ ನಿಂತಿದ್ದರು.

“ಪ್ಲಂಬರ್ ಹತ್ತು ಗಂಟೆಗೆ ಬರ್ತಾನಮ್ಮ. ಅಲ್ಲೀವರೆಗೂ... ನಿಮ್ಮ ಕಕ್ಕಸು ಖಾಲಿ ಇದ್ಯಾ?”